ಸಂಬಳಕ್ಕೆ ಎರಡು ಅಳತೆಗೋಲು: ದೇಶದೇಶಗಳ ಗಳಿಕೆ, ಖರ್ಚು ಹೋಲಿಸುವ ಬಗೆ

ನಾನು 24 ವರ್ಷ ಸಂಬಳದ ಲೆಕ್ಕ ನೋಡಿದವಳು. ಹೊರದೇಶಕ್ಕೆ ಹೋಗಿ ಬರುವ ನೌಕರರ ಪೇಸ್ಲಿಪ್‌ಗಳೆಲ್ಲ ನನ್ನ ಮೇಜಿನ ಮೇಲೆಯೇ ಹಾದುಹೋಗುತ್ತಿದ್ದವು. ಹಾಗಾಗಿ ಆಫರ್ ಲೆಟರ್ ಕೈಗೆ ಬಂದವರು ಈಗಲೂ ನನ್ನನ್ನು ಹುಡುಕಿಕೊಂಡು ಬರುತ್ತಾರೆ. ಎಲ್ಲರೂ ಮೊದಲು ಕೇಳುವುದು ಒಂದೇ: "ಇದು ನಮ್ಮ ದುಡ್ಡಲ್ಲಿ ಎಷ್ಟಾಗುತ್ತೆ?" ವಿನಿಮಯ ದರದಿಂದ ಗುಣಿಸಿದರೆ ಉತ್ತರ ಸಿಕ್ಕೇಬಿಡುತ್ತದೆ. ಆದರೆ ಆ ಒಂದು ಉತ್ತರ ನೆಚ್ಚಿಕೊಂಡು ಸಂಸಾರ ಎತ್ತಬಾರದು. ಇದನ್ನು ನಾನು ಕಲಿತದ್ದು ನನ್ನ ತಮ್ಮನ ವಿಷಯದಲ್ಲಿ.

2013ರಲ್ಲಿ ಅವನಿಗೆ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಕೆಲಸ ಸಿಕ್ಕಿತು. ಪತ್ರದಲ್ಲಿದ್ದ ವರ್ಷದ ಮೊತ್ತವನ್ನು ನಾನು 12ರಿಂದ ಭಾಗಿಸಿದೆ, ತೆರಿಗೆ ಕಳೆದೆ, ಉಳಿದದ್ದನ್ನು ನಮ್ಮ ದುಡ್ಡಿಗೆ ತಿರುಗಿಸಿ, "ಧೈರ್ಯವಾಗಿ ಹೋಗು" ಅಂದೆ. ಹೆಂಡತಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಹೋದ. ಎರಡನೇ ತಿಂಗಳು ಫೋನ್ ಬಂತು. "ಅಕ್ಕಾ, ನೀನು ಹೇಳಿದಷ್ಟು ಬರ್ತಿಲ್ಲ. ಬಂದದ್ದೂ ಕೈಯಲ್ಲಿ ನಿಲ್ತಿಲ್ಲ. ಲೆಕ್ಕ ಎಲ್ಲಿ ತಪ್ಪಿತು?"

ಮೂರು ಕಡೆ ತಪ್ಪಿತ್ತು. ಅಲ್ಲಿನ ಅನೇಕ ಕಂಪನಿಗಳ ಹಾಗೆ ಅವನ ಕಂಪನಿಯೂ ವರ್ಷದ ಸಂಬಳವನ್ನು 13 ಪಾಲು ಮಾಡಿ ಕೊಡುತ್ತಿತ್ತು; ಹದಿಮೂರನೆಯದು ವರ್ಷದ ಕೊನೆಗೆ. ಹಾಗಾಗಿ ತಿಂಗಳ ಮೊತ್ತ ನನ್ನ ಲೆಕ್ಕಕ್ಕಿಂತ ಕಡಿಮೆ. ಎರಡನೆಯದು ಆರೋಗ್ಯ ವಿಮೆ. ಅಲ್ಲಿ 1996ರಿಂದ ಅದು ಎಲ್ಲರಿಗೂ ಕಡ್ಡಾಯ, ಆದರೆ ಸಂಬಳದಿಂದ ಮುರಿದುಕೊಳ್ಳುವುದಿಲ್ಲ. ಪೇಸ್ಲಿಪ್ಪಿನಲ್ಲಿ ಅದರ ಸುಳಿವೂ ಇರುವುದಿಲ್ಲ. ಮನೆಯಲ್ಲಿ ಎಷ್ಟು ತಲೆಯೋ ಅಷ್ಟು ಕಂತು, ಮಕ್ಕಳಿಗೆ ಸ್ವಲ್ಪ ಕಡಿಮೆ. ಅದರ ಮೇಲೆ, ವಿಮೆ ಕೆಲಸ ಶುರು ಮಾಡುವ ಮೊದಲು ಪ್ರತಿ ದೊಡ್ಡವರೂ ವರ್ಷಕ್ಕೆ ಕನಿಷ್ಠ 300 ಫ್ರಾಂಕ್‌ವರೆಗೆ ಚಿಕಿತ್ಸೆಯ ಖರ್ಚನ್ನು ಕೈಯಿಂದಲೇ ಕೊಡಬೇಕು. ಮೂರನೆಯದು ಮನೆಯ ಮುಂಗಡ, ಮೂರು ತಿಂಗಳ ಬಾಡಿಗೆ. ಪೇಸ್ಲಿಪ್ ಓದುವುದೇ ಕಸುಬಾಗಿದ್ದ ನಾನು, ಪೇಸ್ಲಿಪ್ಪಿನಲ್ಲಿ ಕಾಣದ್ದನ್ನು ಕೇಳಿರಲಿಲ್ಲ. ಆ ತಿಂಗಳುಗಳಲ್ಲಿ ಅವರು ಪಟ್ಟ ಪಾಡು ನೆನೆದರೆ ಈಗಲೂ ಸಂಕಟವಾಗುತ್ತದೆ.

ಈಗ ನಾನು ಲೆಕ್ಕ ಮಾಡುವ ಬಗೆ ಹೇಳುತ್ತೇನೆ. ಒಂದು ನೋಟ್‌ಬುಕ್, ಎದುರುಬದುರು ಎರಡು ಪುಟ ಸಾಕು. ಎಡಗಡೆ ಈಗಿರುವ ದೇಶ, ಬಲಗಡೆ ಹೋಗಬೇಕೆಂದಿರುವ ದೇಶ.

ಮೊದಲು ಕೈಗೆ ಬರುವುದೆಷ್ಟು

ಪತ್ರದಲ್ಲಿರುವ ದೊಡ್ಡ ಅಂಕಿಯನ್ನು ಪುಟದ ತುದಿಯಲ್ಲಿ ಬರೆದು ಮರೆತುಬಿಡಿ. ತೆರಿಗೆ, ಪಿಂಚಣಿ, ಸಾಮಾಜಿಕ ಭದ್ರತೆಯ ಕಡಿತ ಕಳೆದು ಬರುವುದನ್ನು ಅದರ ಕೆಳಗೆ ಬರೆಯಿರಿ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಸಂಬಳಕ್ಕೆ ಆದಾಯ ತೆರಿಗೆಯೇ ಇಲ್ಲ. ಬೆಲ್ಜಿಯಂನಲ್ಲಿ, ಸರಾಸರಿ ಸಂಬಳದ ಒಂಟಿ ನೌಕರನ ಮೇಲೆ ಮಾಲೀಕ ಮಾಡುವ ಒಟ್ಟು ಖರ್ಚಿನಲ್ಲಿ ಅರ್ಧಕ್ಕಿಂತ ಹೆಚ್ಚು ತೆರಿಗೆಗೂ ಭದ್ರತಾ ನಿಧಿಗೂ ಹೋಗುತ್ತದೆ. ಇಷ್ಟು ನೋಡಿ ಬೆಲ್ಜಿಯಂ ಕೆಟ್ಟದ್ದು ಅಂದುಕೊಳ್ಳಬೇಡಿ, ಆ ದುಡ್ಡು ಬೇರೆ ರೂಪದಲ್ಲಿ ಮನೆಗೆ ಮರಳುತ್ತದೆ. ಅದನ್ನು ಲೆಕ್ಕಕ್ಕೆ ತರಲು ಇನ್ನೊಂದು ಸಾಲು ಬೇಕು: ಕಡಿತವಾದ ಮೇಲೂ ಕೈಯಿಂದ ಕೊಡಲೇಬೇಕಾದದ್ದು. ಆರೋಗ್ಯ ವಿಮೆ, ಮಕ್ಕಳನ್ನು ನೋಡಿಕೊಳ್ಳುವ ಕೇಂದ್ರದ ಶುಲ್ಕ, ಶಾಲೆ ಇವೆಲ್ಲ ಇಲ್ಲಿ ಬರುತ್ತವೆ.

ನನ್ನ ಮಟ್ಟಿಗೆ ಈ ಸಾಲೇ ಇಡೀ ಪುಟದ ಜೀವ. ಜರ್ಮನಿಯ ಸರ್ಕಾರಿ ಆರೋಗ್ಯ ವಿಮೆಯಲ್ಲಿ ಒಬ್ಬರ ಸಂಬಳದಿಂದ ಕಂತು ಹೋದರೆ, ದುಡಿಮೆಯಿಲ್ಲದ ಹೆಂಡತಿಗೋ ಗಂಡನಿಗೋ ಮಕ್ಕಳಿಗೋ ಬೇರೆ ಕಂತಿಲ್ಲ. ಗಡಿ ದಾಟಿ ಸ್ವಿಟ್ಜರ್ಲೆಂಡಿಗೆ ಬಂದರೆ ತಲೆಗೊಂದು ಕಂತು. ಸ್ವೀಡನ್‌ನಲ್ಲಿ 2002ರಿಂದ ಶಿಶುಪಾಲನಾ ಶುಲ್ಕಕ್ಕೆ ಮಿತಿ ಇದೆ, ಮೊದಲ ಮಗುವಿಗೆ ಮನೆಯ ಆದಾಯದ ಶೇ. 3ರ ಆಸುಪಾಸು. ಅಮೆರಿಕದಲ್ಲಿ ಇಡೀ ದೇಶಕ್ಕೆ ಅನ್ವಯಿಸುವ ಅಂಥ ಮಿತಿ ಇಲ್ಲ. ಹಾಗಾಗಿ ಒಂಟಿಯಾಗಿ ಹೋಗುವವರಿಗೆ ಲಾಭವಾಗಿ ಕಾಣುವ ದೇಶ ಇಬ್ಬರು ಪುಟ್ಟ ಮಕ್ಕಳಿರುವವರಿಗೆ ನಷ್ಟವಾಗಬಹುದು. ಸಂಬಳದ ಅಂಕಿ ಇಬ್ಬರಿಗೂ ಒಂದೇ ಇದ್ದರೂ ಅಷ್ಟೇ.

ಇದಾದ ಮೇಲೆ ಉಳಿದದ್ದನ್ನು ವರ್ಷದ ಕೆಲಸದ ಗಂಟೆಗಳಿಂದ ಭಾಗಿಸಿ. ಮೆಕ್ಸಿಕೊದ ಕೆಲಸಗಾರರು ಸರಾಸರಿ ವರ್ಷಕ್ಕೆ 2000 ಗಂಟೆಗೂ ಹೆಚ್ಚು ದುಡಿಯುತ್ತಾರೆ, ಜರ್ಮನಿಯವರು 1400ಕ್ಕೂ ಕಡಿಮೆ. ಐರೋಪ್ಯ ಒಕ್ಕೂಟದಲ್ಲಿ ವರ್ಷಕ್ಕೆ ನಾಲ್ಕು ವಾರ ಸಂಬಳ ಸಹಿತ ರಜೆ ಕಾನೂನಿನ ಹಕ್ಕು. ಅಮೆರಿಕದ ಒಕ್ಕೂಟ ಕಾನೂನಿನಲ್ಲಿ ಖಾಸಗಿ ನೌಕರರಿಗೆ ಅಂಥ ಹಕ್ಕಿಲ್ಲ, ಕಂಪನಿ ಕೊಟ್ಟಷ್ಟೇ. ರಜೆಯೂ ಸಂಬಳವೇ; ಗಂಟೆಗಿಷ್ಟು ಎಂದು ಬರೆದಾಗ ಅದು ಕಣ್ಣಿಗೆ ಕಾಣುತ್ತದೆ.

ಎರಡು ಅಳತೆಗೋಲು

ಈಗ ಎರಡು ಪುಟಗಳಲ್ಲೂ ಒಂದೊಂದು ಅಂಕಿ ಉಳಿಯಿತು, ಬೇರೆಬೇರೆ ನಾಣ್ಯದಲ್ಲಿ. ಇವನ್ನು ಪಕ್ಕಪಕ್ಕ ಇಡುವುದು ಹೇಗೆ?

ತಲೆಗೂದಲು ಕತ್ತರಿಸುವುದನ್ನೇ ತೆಗೆದುಕೊಳ್ಳಿ. ಅದೇ ಕತ್ತರಿ, ಅದೇ ಬಾಚಣಿಗೆ, ಇಪ್ಪತ್ತು ನಿಮಿಷದ ಕೆಲಸ. ಶ್ರೀಮಂತ ದೇಶದ ಕ್ಷೌರಿಕ ಬಡ ದೇಶದವನಿಗಿಂತ ಹತ್ತು ಪಟ್ಟು ಬೇಗ ಕತ್ತರಿಸುವುದಿಲ್ಲ. ಆದರೂ ಅವನ ಕೂಲಿ ಹಲವು ಪಟ್ಟು ಹೆಚ್ಚು, ಏಕೆಂದರೆ ಅದೇ ಊರಿನ ಕಾರ್ಖಾನೆ, ಕಚೇರಿಗಳು ಕೊಡುವ ಸಂಬಳಕ್ಕೆ ಸರಿಸಾಟಿಯಾಗಿ ಕೊಡದಿದ್ದರೆ ಆ ಕೆಲಸಕ್ಕೆ ಯಾರೂ ನಿಲ್ಲುವುದಿಲ್ಲ. ಇದನ್ನೇ 1964ರಲ್ಲಿ ಬೇಲಾ ಬಲಾಸಾ ಮತ್ತು ಪಾಲ್ ಸ್ಯಾಮ್ಯುಯೆಲ್ಸನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಬೇರೆಬೇರೆಯಾಗಿ ವಿವರಿಸಿದರು. ಹಡಗಿನಲ್ಲಿ ಸಾಗುವ ವಸ್ತುಗಳ, ಅಂದರೆ ಫೋನ್, ಪೆಟ್ರೋಲಿಯಂ, ಯಂತ್ರಗಳ ಬೆಲೆಯಲ್ಲಿ ಅಷ್ಟು ಅಂತರ ಇರುವುದಿಲ್ಲ. ಹಡಗಿನಲ್ಲಿ ಸಾಗದ ಕ್ಷೌರ, ಬಾಡಿಗೆ, ಮನೆಗೆಲಸ, ಪಾಠ ಹೇಳುವುದು ಇವೆಲ್ಲ ಬಡ ದೇಶದಲ್ಲಿ ಅಗ್ಗ. ವಿನಿಮಯ ದರ ಈ ಎರಡನೇ ಗುಂಪನ್ನು ನೋಡುವುದೇ ಇಲ್ಲ.

ಈ ಕೊರತೆ ತುಂಬಲು ಇರುವುದು ಕೊಳ್ಳುವ ಶಕ್ತಿಯ ಸಮಾನತೆ, ಬಳಕೆಯಲ್ಲಿ ಪಿಪಿಪಿ. ಅಮೆರಿಕದಲ್ಲಿ ಒಂದು ಡಾಲರಿಗೆ ಸಿಗುವಷ್ಟು ಸರಕು ಇನ್ನೊಂದು ದೇಶದಲ್ಲಿ ಕೊಳ್ಳಲು ಅಲ್ಲಿನ ದುಡ್ಡು ಎಷ್ಟು ಬೇಕು ಅನ್ನುವುದೇ ಆ ಅಂಕಿ. ಇದಕ್ಕಾಗಿ ದೇಶದೇಶಗಳಲ್ಲಿ ಬೆಲೆ ಕಲೆಹಾಕುವ ಅಂತರರಾಷ್ಟ್ರೀಯ ಹೋಲಿಕೆ ಕಾರ್ಯಕ್ರಮ 1968ರಲ್ಲಿ ಶುರುವಾಯಿತು. 1970ರ ಬೆಲೆಗಳ ಮೊದಲ ಹೋಲಿಕೆಯಲ್ಲಿದ್ದದ್ದು 10 ದೇಶಗಳು, ಭಾರತವೂ ಅವುಗಳಲ್ಲೊಂದು. 2024ರಲ್ಲಿ ಹೊರಬಂದ 2021ರ ಸುತ್ತಿನಲ್ಲಿ 176 ಅರ್ಥವ್ಯವಸ್ಥೆಗಳಿವೆ. ವಿಶ್ವ ಬ್ಯಾಂಕಿನ ತಾಣದಲ್ಲಿ ಅಂಕಿಗಳು ಪುಕ್ಕಟೆ ಸಿಗುತ್ತವೆ. ಅಲ್ಲಿ ಎರಡು ಬಗೆ ಇದೆ: ಇಡೀ ಜಿಡಿಪಿಗೆ, ಅಂದರೆ ದೇಶದ ಒಟ್ಟು ಉತ್ಪನ್ನಕ್ಕೆ ಒಂದು, ಖಾಸಗಿ ಬಳಕೆಗೆ ಒಂದು. ಮನೆ ನಡೆಸುವವರಿಗೆ ಬೇಕಾದದ್ದು ಖಾಸಗಿ ಬಳಕೆಯದು. ಜಿಡಿಪಿಯದರಲ್ಲಿ ಸರ್ಕಾರದ ಖರ್ಚು, ಸೇತುವೆ, ಯಂತ್ರೋಪಕರಣ ಎಲ್ಲ ಬೆರೆತಿರುತ್ತವೆ.

ಪಿಪಿಪಿ ಗೊತ್ತಾದ ಕೂಡಲೇ ಕೆಲವರು ವಿನಿಮಯ ದರವನ್ನು ಪೂರ್ತಿ ಕೈಬಿಡುತ್ತಾರೆ. ಅದೂ ತಪ್ಪು. ಎರಡೂ ಬೇಕು, ಆದರೆ ಬೇರೆಬೇರೆ ದುಡ್ಡಿಗೆ. ಅಲ್ಲೇ ಖರ್ಚಾಗುವ ದುಡ್ಡನ್ನು ಪಿಪಿಪಿಯಲ್ಲಿ ಅಳೆಯಬೇಕು. ಉಳಿಸಿ ಮನೆಗೆ ಕಳಿಸುವ ದುಡ್ಡನ್ನು ವಿನಿಮಯ ದರದಲ್ಲಿ ಅಳೆಯಬೇಕು.

ಊಹೆಯ ಲೆಕ್ಕವೊಂದನ್ನು ಮಾಡೋಣ. ನೀವಿರುವ ದೇಶದ ನಾಣ್ಯ ಕಾಸು ಅಂದುಕೊಳ್ಳಿ. ಬ್ಯಾಂಕಿನಲ್ಲಿ ಒಂದು ಡಾಲರಿಗೆ 60 ಕಾಸು. ಪಿಪಿಪಿಯಲ್ಲಿ 20 ಕಾಸು. ಕಡ್ಡಾಯದ್ದೆಲ್ಲ ಕಳೆದು ತಿಂಗಳಿಗೆ 90,000 ಕಾಸು ಬರುತ್ತದೆ, 70,000 ಖರ್ಚಾಗಿ 20,000 ಉಳಿಯುತ್ತದೆ. ಅಮೆರಿಕದಲ್ಲಿ 4,500 ಡಾಲರ್ ಕೈಗೆ ಬರುವ ಕೆಲಸ ಸಿಕ್ಕಿದೆ. ವಿನಿಮಯ ದರದಲ್ಲಿ ನಿಮ್ಮ 90,000 ಅಂದರೆ 1,500 ಡಾಲರ್, ಹೊಸ ಸಂಬಳ ಮೂರು ಪಟ್ಟು! ಪಿಪಿಪಿಯಲ್ಲಿ ನೋಡಿದರೆ 90,000 ಭಾಗಿಸು 20, ಅಂದರೆ 4,500. ಒಂದು ಕಾಸೂ ಹೆಚ್ಚಿಲ್ಲ. ಯಾವುದು ಸರಿ? ಈಗಿನ ಹಾಗೆಯೇ ಅಲ್ಲಿ ಬದುಕಲು 3,500 ಡಾಲರ್ ಬೇಕು. ಊಟ, ಮನೆ, ಓಡಾಟ ಎಲ್ಲ ಈಗಿನಷ್ಟೇ. ಬದುಕಿನ ಮಟ್ಟ ಏರುವುದಿಲ್ಲ. ಆದರೆ ಉಳಿಯುವ 1,000 ಡಾಲರ್ ಮನೆಗೆ ಕಳಿಸಿದರೆ 60,000 ಕಾಸು, ಈಗ ಉಳಿಸುವುದರ ಮೂರು ಪಟ್ಟು. ಅದನ್ನು ಅಲ್ಲೇ ಇಟ್ಟುಕೊಂಡು ಅಲ್ಲೇ ಮನೆ ಕೊಳ್ಳುವುದಾದರೆ ಮಾತ್ರ ಅದರ ಬೆಲೆ ಮತ್ತೆ 20,000 ಕಾಸಿನಷ್ಟೇ.

ಅಪ್ಪ ಅಮ್ಮನ ಸಾಲ ತೀರಿಸಲು ಐದು ವರ್ಷಕ್ಕೆ ಹೋಗುವವನಿಗೂ ಅಲ್ಲೇ ನೆಲೆಸಲು ಹೋಗುವವಳಿಗೂ ಒಂದೇ ಆಫರ್ ಲೆಟರ್ ಎರಡು ಬೇರೆ ಸಂಬಳ. ಅದಕ್ಕೇ ನಾನು ಈಗ ಬಂದವರನ್ನು ಮೊದಲು ಕೇಳುವುದು, ಉಳಿಸಿದ್ದನ್ನು ಎಲ್ಲಿ ಖರ್ಚು ಮಾಡ್ತೀರಿ ಎಂದು.

ವಿನಿಮಯ ದರದ ಚಂಚಲತೆಯನ್ನು ತಮ್ಮ ಕಣ್ಣಾರೆ ಕಂಡ. 2015ರ ಜನವರಿ 15, ಗುರುವಾರ. ಯೂರೊ ಎದುರು ಫ್ರಾಂಕ್ ಒಂದು ಹಂತಕ್ಕಿಂತ ಮೇಲೇರದಂತೆ ಹಿಡಿದಿಟ್ಟಿದ್ದ 'ಒಂದು ಯೂರೊಗೆ 1.20 ಫ್ರಾಂಕ್' ಎಂಬ ಮಿತಿಯನ್ನು ಸ್ವಿಸ್ ಕೇಂದ್ರ ಬ್ಯಾಂಕ್ ಆ ಬೆಳಿಗ್ಗೆ ಕೈಬಿಟ್ಟಿತು. ದಿನ ಮುಗಿಯುವಷ್ಟರಲ್ಲಿ ಒಂದು ಫ್ರಾಂಕ್ ಹೆಚ್ಚುಕಮ್ಮಿ ಒಂದು ಯೂರೊಗೆ ಸಮ. ಮನೆಗೆ ಕಳಿಸುವ ಅವನ ದುಡ್ಡಿನ ಬೆಲೆ ಒಂದೇ ದಿನದಲ್ಲಿ ಜಿಗಿಯಿತು. ಅವನ ಬಾಡಿಗೆ, ವಿಮೆಯ ಕಂತು, ಬಸ್ ಪಾಸು ಇದ್ದಲ್ಲೇ ಇದ್ದವು. ಆಮೇಲಿಂದ ನಾನು ಪ್ರತಿ ಪುಟದ ಮೂಲೆಯಲ್ಲಿ ತಾರೀಕನ್ನೂ ಅಂದಿನ ದರವನ್ನೂ ಬರೆಯುತ್ತೇನೆ, ದರ ಶೇ. 15ರಷ್ಟು ಇಳಿದರೂ ಹೋಗುವ ಮನಸ್ಸಿದೆಯೇ ಎಂದು ಇನ್ನೊಮ್ಮೆ ಲೆಕ್ಕ ಹಾಕಿಸುತ್ತೇನೆ.

ನಿಮ್ಮದೇ ಬುಟ್ಟಿ

ಪಿಪಿಪಿ ಇಡೀ ದೇಶದ ಸರಾಸರಿ. ರಾಜಧಾನಿಯಲ್ಲಿ ಇರುವವರಿಗೂ ಹಳ್ಳಿಯಲ್ಲಿ ಇರುವವರಿಗೂ ಒಂದೇ ಅಂಕಿ. ಹಾಗಾಗಿ ಅದು ತೋರಿಸುವುದು ದಿಕ್ಕನ್ನು ಮಾತ್ರ. ಮುಂದಿನ ಕೆಲಸ ನಿಮ್ಮದು: ಕಳೆದ ಮೂರು ತಿಂಗಳು ಯಾವುದಕ್ಕೆ ಎಷ್ಟು ಹೋಯಿತು ಎಂದು ಬರೆದು, ಮೊದಲ ಆರೇಳು ದೊಡ್ಡ ಬಾಬತ್ತುಗಳಿಗೆ ಮಾತ್ರ ಆ ಊರಿನ ಬೆಲೆ ಹುಡುಕಿ. ಉಪ್ಪು, ಬೆಂಕಿಪೊಟ್ಟಣದ ಬೆಲೆ ಹುಡುಕಿ ದಣಿಯಬೇಡಿ.

ಬಾಡಿಗೆಯೇ ಎಲ್ಲಕ್ಕಿಂತ ದೊಡ್ಡದು, ಮೋಸಹೋಗುವುದೂ ಅಲ್ಲೇ. ಜರ್ಮನಿಯಲ್ಲಿ 'ತಣ್ಣನೆ ಬಾಡಿಗೆ' ಎಂದು ಹಾಕಿದ್ದರೆ ಅದರಲ್ಲಿ ಮನೆ ಬೆಚ್ಚಗಿಡುವ ಖರ್ಚು ಸೇರಿಲ್ಲ. 'ಬೆಚ್ಚನೆ ಬಾಡಿಗೆ'ಯಲ್ಲಿ ಸೇರಿರುತ್ತದೆ, ಆದರೆ ವಿದ್ಯುತ್ ಬಿಲ್ಲು ಸಾಮಾನ್ಯವಾಗಿ ಬೇರೆ. ಎಷ್ಟೋ ಮನೆಗಳಲ್ಲಿ ಅಡುಗೆಮನೆಯ ಒಲೆ, ಕಪಾಟುಗಳನ್ನೂ ನೀವೇ ಹಾಕಿಸಿಕೊಳ್ಳಬೇಕು. ಜಪಾನಿನಲ್ಲಿ ಮುಂಗಡದ ಜೊತೆಗೆ ರೇಕಿನ್ ಎಂದು ಮಾಲೀಕನಿಗೆ ಕೊಡುವ, ಹಿಂದಕ್ಕೆ ಬಾರದ ಹಣ ಕೇಳುವುದುಂಟು. ದಕ್ಷಿಣ ಕೊರಿಯದ ಜೊನ್ಸೆ ಪದ್ಧತಿಯಲ್ಲಿ ತಿಂಗಳ ಬಾಡಿಗೆಯೇ ಇಲ್ಲ, ಮೊದಲೇ ಭಾರೀ ಮೊತ್ತದ ಠೇವಣಿ ಇಡಬೇಕು. ಬಾಡಿಗೆ ಸೊನ್ನೆ ಎಂದು ಹಿಗ್ಗುವ ಮೊದಲು ಆ ಠೇವಣಿಗೆ ಸಾಲ ಮಾಡಿದರೆ ಬಡ್ಡಿ ಎಷ್ಟು ಎಂದು ನೋಡಿ.

ದುಬಾರಿ ನಗರಗಳ ಪಟ್ಟಿಗಳನ್ನು ಓದಿ, ಆದರೆ ಅವು ಯಾರಿಗಾಗಿ ಎಂದು ತಿಳಿದು ಓದಿ. ಮರ್ಸರ್ ಸಂಸ್ಥೆಯ 2017ರ ಪಟ್ಟಿಯಲ್ಲಿ ಅಂಗೋಲಾದ ಲುವಾಂಡ ಜಗತ್ತಿನ ಅತ್ಯಂತ ದುಬಾರಿ ನಗರ. ಬಡವರೇ ತುಂಬಿರುವ ಊರು ಅದು ಹೇಗೆ? ಆ ಪಟ್ಟಿ ಅಳೆಯುವುದು ಕಂಪನಿ ಕಳಿಸಿದ ವಿದೇಶಿ ಅಧಿಕಾರಿಯ ಬದುಕನ್ನು: ಆಮದು ಸರಕು, ಕಾವಲಿರುವ ಮನೆ. ಓದುಗರೇ ಬೆಲೆ ತುಂಬುವ ನಂಬಿಯೊದಂಥ ತಾಣಗಳಲ್ಲಿ ನ್ಯೂಯಾರ್ಕ್ 100 ಎಂದಿಟ್ಟು ಉಳಿದವನ್ನು ಅಳೆಯುತ್ತಾರೆ. ಒರಟು ಅಂದಾಜಿಗೆ ಅದು ಸಾಕು.

ದೇಶದ ತಲಾ ಆದಾಯ ನೋಡಿ ಜನರ ಸಂಬಳ ಊಹಿಸಬೇಡಿ. ಐರ್ಲೆಂಡಿನ ಜಿಡಿಪಿ 2015ರಲ್ಲಿ ಒಂದೇ ವರ್ಷಕ್ಕೆ ಸುಮಾರು ಕಾಲು ಭಾಗ ಏರಿತು. ಬಹುರಾಷ್ಟ್ರೀಯ ಕಂಪನಿಗಳು ತಮ್ಮ ಪೇಟೆಂಟಿನಂಥ ಆಸ್ತಿಗಳನ್ನು ಅಲ್ಲಿನ ಲೆಕ್ಕಕ್ಕೆ ವರ್ಗಾಯಿಸಿದ್ದು ಕಾರಣ. ಐರಿಷ್ ಮನೆಗಳ ವರಮಾನ ಹಾಗೆ ಏರಲಿಲ್ಲ. ನೋಡಬೇಕಾದದ್ದು ಮಧ್ಯಾಂಕ ವರಮಾನ, ಅಂದರೆ ಎಲ್ಲರನ್ನೂ ಸಾಲಾಗಿ ನಿಲ್ಲಿಸಿದರೆ ನಡುವೆ ನಿಂತವರ ವರಮಾನ. ಅದರೊಡನೆ ನಿಮ್ಮದನ್ನು ಹೋಲಿಸುವಾಗ ಮನೆಮಂದಿಯನ್ನೂ ಲೆಕ್ಕಕ್ಕೆ ತನ್ನಿ. ಮನೆಯ ಆದಾಯವನ್ನು ಸದಸ್ಯರ ಸಂಖ್ಯೆಯ ವರ್ಗಮೂಲದಿಂದ ಭಾಗಿಸುವುದು ಒಂದು ರೂಢಿ. ನಾಲ್ವರ ಮನೆಗೆ ಒಂಟಿಯವರ ನಾಲ್ಕು ಪಟ್ಟು ಬೇಡ, ಎರಡು ಪಟ್ಟು ಸಾಕು ಎಂಬ ಅಂದಾಜು ಅದು. ಒಂದು ಸೂರು, ಒಂದು ಒಲೆ ಎಲ್ಲರಿಗೂ ಆಗುತ್ತದಲ್ಲ.

ಇಷ್ಟೆಲ್ಲ ಆದ ಮೇಲೆ ಅಲ್ಲಿ ಆಗಲೇ ಇರುವ, ನಿಮ್ಮಷ್ಟೇ ದೊಡ್ಡ ಸಂಸಾರದ ಒಬ್ಬರನ್ನು ಮಾತಾಡಿಸಿ. "ಅಲ್ಲಿ ಖರ್ಚು ಹೇಗೆ?" ಎಂದು ಕೇಳಿದರೆ "ಪರವಾಗಿಲ್ಲ" ಅನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೋದ ತಿಂಗಳು ಬ್ಯಾಂಕಿನಿಂದ ತಾನಾಗಿ ಕಡಿತವಾದದ್ದು ಏನೇನು? ಕಳೆದ ಸಲ ಹಲ್ಲಿನ ವೈದ್ಯರಿಗೆ ಎಷ್ಟು ಕೊಟ್ಟಿರಿ? ಚಳಿಗಾಲದ ಬಿಲ್ಲು ಎಷ್ಟು ಬಂತು? ಮಗುವಿಗೆ ಜ್ವರ ಬಂದ ದಿನ ಯಾರು ರಜೆ ಹಾಕಿದಿರಿ, ಆ ದಿನದ ಸಂಬಳ ಬಂತೇ? ತಮ್ಮನಿಗೆ ಎರಡನೇ ಸಲ ಕೆಲಸ ಬದಲಿಸುವ ಅವಕಾಶ ಬಂದಾಗ ಈ ನಾಲ್ಕು ಪ್ರಶ್ನೆಗಳನ್ನು ಅವನೇ ಬರೆದುಕೊಂಡು ಕೇಳಿದ. ಉತ್ತರಗಳನ್ನು ಬಲಗಡೆ ಪುಟದಲ್ಲಿ ತುಂಬಿ, ಫೋಟೊ ತೆಗೆದು ನನಗೆ ಕಳಿಸಿದ. ಕಡ್ಡಾಯ ಖರ್ಚಿನ ಸಾಲಿನಲ್ಲಿ ಹಲ್ಲಿನ ಚಿಕಿತ್ಸೆಯನ್ನು ಕೆಂಪು ಪೆನ್ನಿನಲ್ಲಿ ಬರೆದಿದ್ದ. ನಾನು ಸೇರಿಸುವುದು ಏನೂ ಉಳಿದಿರಲಿಲ್ಲ.