ನಿಮ್ಮ ಮನೆಯವರು ಈ ಊರಿಗೆ ಯಾಕೆ ಬಂದರು?

ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಪಕ್ಕದ ಬಡಾವಣೆ ನಮ್ಮದು. ಹತ್ತಿ ಗಿರಣಿಗಳ ಕಾಲದ ಹಳೆಯ ಮನೆಗಳ ನಡುವೆ ಈಗ ಬಾಡಿಗೆ ಕೋಣೆಗಳು ಎದ್ದಿವೆ. ಟೈಲ್ಸ್ ಕೆಲಸಕ್ಕೆ ಬಂದ ಬಿಹಾರದ ಹುಡುಗರು, ತಾಂಡಾಗಳಿಂದ ಓದಲು ಬಂದ ಲಂಬಾಣಿ ಮಕ್ಕಳು, ಮನೆಯಲ್ಲಿ ಉರ್ದು ಮಾತನಾಡುವ ಭಟ್ಟಿಯವರ ಮಕ್ಕಳು ಒಂದೇ ಓಣಿಯಲ್ಲಿದ್ದರೂ ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿರಲಿಲ್ಲ.

ಮೊದಲು ಸೌಹಾರ್ದ ಸಭೆ ಮಾಡಿದೆ. ಹುಡುಗರು ತಮ್ಮ ತಮ್ಮ ಗುಂಪಿನಲ್ಲೇ ಕುಳಿತು, ಉಪ್ಪಿಟ್ಟು ತಿಂದು, ಗುಂಪಾಗಿಯೇ ಎದ್ದು ಹೋದರು. ಸಭೆಯ ಯೋಚನೆ ಬಿಟ್ಟು ಅವರಿಗೆ ಒಂದು ಕೆಲಸ ಹಚ್ಚಿದೆ. ಬೇರೆ ಬೇರೆ ಮನೆಮಾತಿನ ಇಬ್ಬರು ಜೊತೆಯಾಗಿ ಪರಸ್ಪರರ ಮನೆಗೆ ಹೋಗಬೇಕು. ಈ ಊರಿಗೆ ಯಾಕೆ ಬಂದಿರಿ ಎಂದು ಹಿರಿಯರನ್ನು ಕೇಳಿ, ಉತ್ತರವನ್ನು ನೋಟ್‌ಬುಕ್ಕಿನಲ್ಲಿ ಬರೆಯಬೇಕು. ಜಾತಿ, ಧರ್ಮದ ಮಾತು ಮೊದಲ ದಿನವೇ ಬೇಡ ಎಂದಿದ್ದೆ. ಹೊಟ್ಟೆಪಾಡಿನ ಮಾತಿಗೆ ಯಾರೂ ಬಾಗಿಲು ಹಾಕುವುದಿಲ್ಲ ಎಂಬುದು ನನ್ನ ನಂಬಿಕೆಯಾಗಿತ್ತು.

ಒಂದು ಬೆಳಗಿನ ಜಾವ ಬಿಹಾರದ ಹುಡುಗನೊಬ್ಬ ಭಟ್ಟಿಗೆ ಬಂದ. ಕಾದ ಮರಳಿಗೆ ಉಪ್ಪು ಹಿಡಿಸಿದ ಅಕ್ಕಿ ಬಿದ್ದ ಕೂಡಲೇ ಚಟಪಟ ಅರಳಿತು. ಭಟ್ಟಿಯ ಅಜ್ಜ ಅದನ್ನು ಜರಡಿಗೆ ಎಳೆದು ಮರಳು ಉದುರಿಸಿದರು. "ನಮ್ಮಲ್ಲೂ ಮರಳಿನಲ್ಲೇ ಹುರಿಯುತ್ತಾರೆ, ಭೂಂಜಾ ಎನ್ನುತ್ತೇವೆ" ಎಂದ ಹುಡುಗ, ಅಲ್ಲಿಂದಲೇ ತಾಯಿಗೆ ವಿಡಿಯೊ ಕರೆ ಮಾಡಿದ. ಅಜ್ಜನ ಉರ್ದು ಆ ತಾಯಿಗೆ ಅರ್ಥವಾಯಿತು. ಮಗ ಸರಿಯಾಗಿ ಊಟ ಮಾಡುತ್ತಾನೆಯೇ ಎಂದು ಆಕೆ ಅಜ್ಜನನ್ನೇ ಕೇಳಿದರು. ಅಂದಿನಿಂದ ಆ ಹುಡುಗನಿಗೆ ಅಲ್ಲಿ ಚಹಾ ತಪ್ಪಿಲ್ಲ.

ಹುಡುಗಿಯರು ಬರುತ್ತಿರಲಿಲ್ಲ. ಸಂಜೆಯ ಹೊತ್ತೇ ಅಡ್ಡಿ ಎಂದು ತಡವಾಗಿ ತಿಳಿಯಿತು. ಭಾನುವಾರ ಬೆಳಿಗ್ಗೆಗೆ ಬದಲಿಸಿ, ಮನೆಮನೆಗೆ ಹೋಗಿ ತಾಯಂದಿರ ಜೊತೆ ಮಾತನಾಡಿದೆ. ಹಾಗೆ ಬಂದವರಲ್ಲಿ ತಾಂಡಾದ ಒಬ್ಬಳು ಲಂಬಾಣಿಗಳ ಗುರು ಸಂತ ಸೇವಾಲಾಲರ ಬಗ್ಗೆ ಬರೆದಳು. ಅವರ ಜನ್ಮಸ್ಥಳ ಸೂರಗೊಂಡನಕೊಪ್ಪ ನಮ್ಮ ಜಿಲ್ಲೆಯ ನ್ಯಾಮತಿ ತಾಲ್ಲೂಕಿನಲ್ಲೇ ಇದೆ ಎಂಬುದು ಉಳಿದ ಮಕ್ಕಳಿಗೆ ತಿಳಿದದ್ದು ಆಗಲೇ.

ಎಲ್ಲವೂ ಸಲೀಸಾಗಲಿಲ್ಲ. ಓಣಿಯ ಒಂದು ಮನೆಯ ಬಗ್ಗೆ ಮೊಬೈಲಿನಲ್ಲಿ ಸುಳ್ಳು ಸುದ್ದಿ ಹರಡಿದಾಗ ಇಬ್ಬರು ಹುಡುಗರು ಜಗಳಕ್ಕೇ ನಿಂತರು. ಉಳಿದವರು ಆ ಮನೆಗೇ ಹೋಗಿ ಕೇಳಿಕೊಂಡು ಬಂದರು. ನಾನು ಹೇಳಿ ಕಳಿಸಿದ್ದಲ್ಲ. ಆ ಮನೆಯ ಬಾಗಿಲು ಅವರಿಗೆ ಆಗಲೇ ಪರಿಚಯವಿತ್ತು.

ಕಳೆದ ವಾರ ಆ ತಾಂಡಾದ ಹುಡುಗಿ ನಮ್ಮ ಮನೆಗೂ ಬಂದಳು. ನನ್ನ ತಾಯಿ ಹೇಳಿದ್ದನ್ನು ದುಂಡಗೆ ಬರೆದುಕೊಂಡಳು: "ಸರ್ ಅವರ ಅಜ್ಜ ಹರಪನಹಳ್ಳಿ ಕಡೆಯಿಂದ ಗಿರಣಿ ಕೆಲಸ ಹುಡುಕಿಕೊಂಡು ಬಂದವರು."