ಮಕ್ಕಳಿಗೆ ಹೂ ತೋರಿಸುವಾಗ ಟೀಚರ್ ಬಾಯಿ ಮುಚ್ಚಿಕೊಂಡಿರಬೇಕು

ನಾನು ಹೈಸ್ಕೂಲ್ ವಿಜ್ಞಾನ ಟೀಚರ್. ಹೂವಿನ ಪಾಠಕ್ಕೆ ಮೊದಲೇ ಬೋರ್ಡ್ ಮೇಲೆ ಭಾಗಗಳ ಹೆಸರು ಬರೆಯಬೇಡಿ. ಈ ದಾರಿ ನನ್ನದಲ್ಲ, ಅಮೆರಿಕದ ಶಿಕ್ಷಕಿ ಅನ್ನಾ ಬಾಟ್ಸ್‌ಫರ್ಡ್ ಕಾಮ್‌ಸ್ಟಾಕ್ ಅವರದು.

1854ರಲ್ಲಿ ನ್ಯೂಯಾರ್ಕ್ ರಾಜ್ಯದಲ್ಲಿ ಹುಟ್ಟಿದವರು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕೀಟಶಾಸ್ತ್ರ ಕಲಿಸುತ್ತಿದ್ದ ಗಂಡನ ಪುಸ್ತಕಗಳಿಗೆ ಚಿತ್ರ ಬರೆದರು, ಅದಕ್ಕಾಗಿಯೇ ಮರದ ಅಚ್ಚು ಕೆತ್ತುವುದನ್ನೂ ಕಲಿತರು. 1890ರ ದಶಕದಲ್ಲಿ ಬೇಸಾಯ ಸೊರಗಿ ಹಳ್ಳಿಯ ಜನ ಊರು ಬಿಡುತ್ತಿದ್ದರು. ಮಕ್ಕಳಿಗಾದರೂ ಹೊಲದ ಮೇಲೆ ಪ್ರೀತಿ ಹುಟ್ಟಲಿ ಎಂದು ಅಲ್ಲಿನ ಶಾಲೆಗಳಲ್ಲಿ ಪ್ರಕೃತಿ ಪಾಠ ಶುರುವಾಯಿತು. ಅದರ ಮುಂದಾಳುಗಳಲ್ಲಿ ಇವರೂ ಒಬ್ಬರು. ಕಾರ್ನೆಲ್ ತಾನೇ ಕೊಟ್ಟ ಅಸಿಸ್ಟೆಂಟ್ ಪ್ರೊಫೆಸರ್ ಪದವಿಯನ್ನು ಹೆಂಗಸು ಅನ್ನುವ ಕಾರಣಕ್ಕೆ ಕಿತ್ತುಕೊಂಡಿತು. ಪೂರ್ಣ ಪ್ರೊಫೆಸರ್ ಆಗಿದ್ದು 1920ರಲ್ಲಿ! ಅಷ್ಟರಲ್ಲಿ, 1911ರಲ್ಲೇ, 900 ಪುಟ ದಾಟುವ ಅವರ ಪ್ರಕೃತಿ ಪಾಠದ ಕೈಪಿಡಿ ಬಂದಿತ್ತು. ಅದರ ಪಾಠಗಳಲ್ಲಿ ಪ್ರಶ್ನೆಗಳೇ ಜಾಸ್ತಿ.

ಒಂಟಿ ಸುತ್ತಿನ ಕೆಂಪು ದಾಸವಾಳ ತನ್ನಿ. ಹಲವು ಸುತ್ತು ಎಸಳಿನದು ಬೇಡ, ಅದರಲ್ಲಿ ಏನೂ ಸರಿಯಾಗಿ ಕಾಣಲ್ಲ. ಒಬ್ಬೊಬ್ಬರ ಕೈಗೂ ಒಂದೊಂದು ಹೂ. ಹತ್ತು ನಿಮಿಷದಿಂದ ಅರ್ಧ ಗಂಟೆ ಸಾಕು, ಎಳೆದರೆ ಮಕ್ಕಳಿಗೆ ಬೇಜಾರು. ಮೊದಲು ಸುಮ್ನೆ ನೋಡಲಿ. ಆಮೇಲೆ ಕೇಳಿ: ಹಸಿರು ಬಟ್ಟಲಿನ ಕೆಳಗೆ ಇನ್ನೊಂದು ಸುತ್ತು ಸಣ್ಣ ಎಲೆಗಳಿವೆಯಾ? ನಡುವಿನ ಕೊಳವೆಯ ತುದಿಯಲ್ಲಿ ಎಷ್ಟು ಗುಂಡುಗಳಿವೆ? ಹಳದಿ ಪುಡಿ ಎಲ್ಲಿಂದ ಉದುರುತ್ತದೆ?

ಈಗ ಪೆನ್ಸಿಲ್ ಕೊಡಿ, ಹೂವಿನ ಚಿತ್ರ ಬರೆಯಲಿ. ಹೆಚ್ಚಿನ ಮಕ್ಕಳು ಐದು ಎಸಳನ್ನು ಒಂದರ ಪಕ್ಕ ಒಂದು ಇಟ್ಟುಬಿಡುತ್ತಾರೆ. ಅಳಿಸಿ ತಿದ್ದಬೇಡಿ. "ಈ ಎಸಳಿನ ಎಡ ಅಂಚು ಮೇಲಿದೆಯೋ, ಕೆಳಗಿದೆಯೋ?" ಎಂದಷ್ಟೇ ಕೇಳಿ. ಹೂವನ್ನು ತಿರುಗಿಸಿ ನೋಡುತ್ತಾರೆ. ಪ್ರತಿ ಎಸಳಿನ ಒಂದು ಅಂಚು ಪಕ್ಕದ್ದರ ಮೇಲೆ, ಇನ್ನೊಂದು ಅಂಚು ಕೆಳಗೆ. ಚಿತ್ರ ಚೆನ್ನಾಗಿ ಬರಲೇಬೇಕೆಂದಿಲ್ಲ, ಆ ಅಂಚು ಕಂಡರೆ ಸಾಕು.

ನೋಟ್‌ಬುಕ್ ಮಗುವಿನ ಸ್ವಂತದ್ದು, ಟೀಚರ್ ಅದರಲ್ಲಿ ತಪ್ಪು ಹುಡುಕಬಾರದು ಅನ್ನುತ್ತಾರೆ ಕಾಮ್‌ಸ್ಟಾಕ್. ನನ್ನ ಪಾಲಿಗೆ ಇದೇ ಕಷ್ಟದ ಭಾಗ, ಕೆಂಪು ಪೆನ್ನಿನ ಚಟ ಬಿಡಬೇಕಲ್ವಾ! ಉತ್ತರ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ, ಬಾ, ನೋಡೋಣ" ಅನ್ನಬೇಕಂತೆ. ಅದು ನನಗೆ ಸುಲಭವಾಯಿತು.

ಗಿಡದಲ್ಲೇ ಒಂದೆರಡು ಹೂ ಬಿಟ್ಟಿರಿ. ದಾಸವಾಳ ಸಾಮಾನ್ಯವಾಗಿ ಒಂದೇ ದಿನ ಅರಳಿರುತ್ತದೆ. ಮಾರನೇ ದಿನ ಮುದುಡಿದ್ದನ್ನೂ ಬರೆಸಿ. ಉದುರುವಾಗ ಎಸಳುಗಳು, ಕೊಳವೆ ಎಲ್ಲ ಒಟ್ಟಿಗೇ ಬೀಳುತ್ತವೆ. ಯಾಕೆ ಅಂತ ಕೇಳಿ, ಬುಡವನ್ನು ಬಿಡಿಸಿ ನೋಡಲು ಬಿಡಿ.