ವಾಪಸ್ ಓಡುವ ಕೆಲಸ

ನಮ್ಮ ಬೀದಿ ತುದಿಯ ಮನೆಯ ಅಜ್ಜ ಕಂಡಾಗಲೆಲ್ಲ ಕೇಳುತ್ತಿದ್ದದ್ದು ಒಂದೇ. “ಏನಪ್ಪಾ, ಈ ವರ್ಷ ಯಾವ ಟೀಮು?” ಹದಿನಾಲ್ಕು ವರ್ಷ ನಾನು ಅವರಿಗೆ ಹೆಚ್ಚುಕಮ್ಮಿ ಪ್ರತಿ ಸಲವೂ ಬೇರೆ ಹೆಸರು ಹೇಳಿದ್ದೇನೆ. ಒಟ್ಟು ಒಂಬತ್ತು ಕ್ಲಬ್, ಐದು ರಾಜ್ಯ. ಇಂಡಿಯಾ ಜೆರ್ಸಿ ಹಾಕಲಿಲ್ಲ. ಟಿವಿಯಲ್ಲಿ ಬಂದಿದ್ದೇನೆ, ಜಾಸ್ತಿ ಬೆಂಚಿನ ಮೇಲೆ ನೀರಿನ ಬಾಟಲಿ ಹಿಡಿದುಕೊಂಡು. ಆದರೂ ತಂಗಿಯ ಮದುವೆ, ಅಪ್ಪನ ಕಣ್ಣಿನ ಆಪರೇಷನ್, ಮನೆ ಬಾಡಿಗೆ ಎಲ್ಲ ನಡೆದದ್ದು ಫುಟ್‌ಬಾಲಿನ ದುಡ್ಡಿನಲ್ಲೇ. ಅದು ಹೇಗೆ ಸಾಧ್ಯವಾಯಿತು ಅಂತ ಕೆಲವು ಹುಡುಗರು ಕೇಳುತ್ತಿರುತ್ತಾರೆ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ನಾನು ಬೆಳೆದದ್ದು ದೂರವಾಣಿನಗರದಲ್ಲಿ. ಅಪ್ಪ ಐಟಿಐ ಕಾರ್ಖಾನೆಯಲ್ಲಿ ಫಿಟ್ಟರ್. ಬೆಂಗಳೂರಿನ ಫುಟ್‌ಬಾಲ್ ಅಂದರೆ ಎಲ್ಲರೂ ಆಸ್ಟಿನ್ ಟೌನ್, ಗೌತಮಪುರ ಅನ್ನುತ್ತಾರೆ. ನಿಜ, ಗೌತಮಪುರದಲ್ಲಿ ಪೆಲೆಯ ಪ್ರತಿಮೆಯೇ ಇದೆ. ನಮ್ಮ ಕಡೆ ಅಷ್ಟು ಜೋರಿಲ್ಲ. ಆದರೆ ಅಪ್ಪನ ಹತ್ತಿರ ಒಂದು ತುರುಪಿನ ಎಲೆ ಇತ್ತು. ದೇಶದ ಕ್ಲಬ್‌ಗಳೆಲ್ಲ ಸೆಣಸುತ್ತಿದ್ದ ಫೆಡರೇಷನ್ ಕಪ್ ಶುರುವಾದದ್ದು 1977ರಲ್ಲಿ. ಮೊದಲ ವರ್ಷವೇ ಕೊಚ್ಚಿಯಲ್ಲಿ ಮೋಹನ್ ಬಗಾನ್ ತಂಡವನ್ನು 1-0ರಿಂದ ಸೋಲಿಸಿ ಕಪ್ ಎತ್ತಿದ್ದು ಐಟಿಐ. ಟೆಲಿಫೋನ್ ಮಾಡುವ ಕಾರ್ಖಾನೆಯ ಕೆಲಸಗಾರರ ತಂಡ! ಅಪ್ಪ ಆಗ ಇನ್ನೂ ಕೆಲಸಕ್ಕೇ ಸೇರಿರಲಿಲ್ಲ. ಆದರೂ ಹೇಳುವಾಗ ಪಾಸ್ ಕೊಟ್ಟವರು ತಾವೇ ಅನ್ನುವ ಹಾಗೆ ಹೇಳುತ್ತಿದ್ದರು. ನಾನು ವಿಂಗರ್, ಅಂದರೆ ಅಂಚಿನ ಗೆರೆಯ ಪಕ್ಕ ಓಡಿ ದಾಳಿ ಮಾಡುವವನು. ಆ ಮಾತು ಅವರ ಬಾಯಲ್ಲಿ ಬರುತ್ತಲೇ ಇರಲಿಲ್ಲ. “ನನ್ನ ಮಗ ರೈಟ್ ಔಟ್” ಅನ್ನುತ್ತಿದ್ದರು.

ನಾನು ಓಡುತ್ತಿದ್ದೆ, ಅಷ್ಟೇ. ಕಾಲಲ್ಲಿ ಕಲೆ ಇರುವವರು ನಮ್ಮ ಗುಂಪಿನಲ್ಲೇ ನಾಲ್ಕು ಜನ ಇದ್ದರು. ಆದರೆ ಚೆಂಡನ್ನು ಮುಂದಕ್ಕೆ ತಳ್ಳಿ ಓಡಿದರೆ ನನ್ನನ್ನು ಹಿಡಿಯುವವರಿರಲಿಲ್ಲ. ಬೆಂಗಳೂರಿನ ಲೀಗ್‌ನಲ್ಲಿ ಸಿ ಡಿವಿಷನ್‌ನಿಂದ ಮೇಲಕ್ಕೆ ಬರಬೇಕು. ಬಿ, ಎ, ಆಮೇಲೆ ಸೂಪರ್ ಡಿವಿಷನ್. ಅಶೋಕನಗರದ ಫುಟ್‌ಬಾಲ್ ಸ್ಟೇಡಿಯಂನಲ್ಲಿ ಮಧ್ಯಾಹ್ನದ ಪಂದ್ಯ, ಗ್ಯಾಲರಿಯಲ್ಲಿ ಕಡಲೆಕಾಯಿ ತಿನ್ನುತ್ತಾ ಕೂತ ರಿಟೈರ್ಡ್ ಆಟಗಾರರು. ಅವರ ಬೈಗುಳವೇ ನನಗೆ ಮೊದಲ ಕೋಚಿಂಗ್. “ತಲೆ ಎತ್ತೋ ಲೇ, ಚೆಂಡೇನು ಓಡಿಹೋಗಲ್ಲ!” ಕ್ರಾಸ್, ಅಂದರೆ ಅಂಚಿನಿಂದ ಗೋಲಿನ ಮುಂದಕ್ಕೆ ಚೆಂಡು, ಹೊಡೆಯುವ ಮೊದಲು ನೋಡಬೇಕು ಅನ್ನುವುದನ್ನು ನಾನು ಕಲಿತದ್ದು ಆ ಒಂದು ಕೂಗಿನಿಂದ.

ಆ ಕಾಲಕ್ಕೆ ನಮ್ಮ ಗುರಿ ಕ್ಲಬ್ ಅಲ್ಲ, ಕೆಲಸ. ಎಚ್‌ಎಎಲ್, ಐಟಿಐ, ಬಿಇಎಂಎಲ್ ತರಹದ ಕಡೆ ಆಡಿದರೆ ಒಂದು ದಿನ ಕಾಯಂ ಮಾಡುತ್ತಾರೆ, ಪಿಎಫ್ ಸಿಗುತ್ತದೆ, ಹೆಣ್ಣು ಕೊಡುತ್ತಾರೆ. ನಾನೂ ಒಂದು ಕಡೆ ಸ್ಟೈಪೆಂಡ್ ಮೇಲೆ ಎರಡು ವರ್ಷ ಕಾದೆ. ಕಾಯಂ ಆಗಲಿಲ್ಲ. ಕ್ರೀಡಾ ಕೋಟಾದ ಬಾಗಿಲು ಒಂದೊಂದೇ ಮುಚ್ಚುತ್ತಾ ಬಂದ ಕಾಲ ಅದು. ಅಪ್ಪನಿಗೆ ಇದು ಅರ್ಥವಾಗಲು ಬಹಳ ದಿನ ಬೇಕಾಯಿತು. 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿ, ಮೊದಲ ಸೀಸನ್‌ನಲ್ಲೇ ಆಗ ದೇಶದ ದೊಡ್ಡ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ನಾವು ಧೂಳು ಕುಡಿದು ಬೆಳೆದ ಅದೇ ಸ್ಟೇಡಿಯಂನಲ್ಲಿ ಸುನಿಲ್ ಛೇತ್ರಿ ಆಡುವುದನ್ನು ನೋಡಲು ಸಾಫ್ಟ್‌ವೇರ್ ಹುಡುಗರು ಸಾಲು ನಿಂತರು. ನನಗಾಗ ಇಪ್ಪತ್ತನಾಲ್ಕು. ಟಿಕೆಟ್ ತೆಗೆದುಕೊಂಡು ಗ್ಯಾಲರಿಯಲ್ಲಿ ಕೂತಿದ್ದೆ. ಹೊಟ್ಟೆ ಉರಿಯಲಿಲ್ಲ ಅಂದರೆ ಸುಳ್ಳಾಗುತ್ತದೆ.

ಅಷ್ಟರಲ್ಲಿ ನಾನು ಊರು ಬಿಟ್ಟು ಎರಡು ಸೀಸನ್ ಹೊರಗೆ ಆಡಿ ಬಂದಿದ್ದೆ. ಎರಡನೇ ಕ್ಲಬ್‌ನಲ್ಲಿ ನಡೆದದ್ದನ್ನು ಸ್ವಲ್ಪ ವಿವರವಾಗಿ ಹೇಳಬೇಕು.

ಮೊದಲ ಆರು ಪಂದ್ಯದಲ್ಲಿ ಎರಡು ಗೋಲು ಹೊಡೆದೆ. ಏಳನೇ ಪಂದ್ಯಕ್ಕೆ ಬೆಂಚು. ಎಂಟು, ಒಂಬತ್ತು, ಮತ್ತೆ ಬೆಂಚು. ಕೊನೆಗೆ ಧೈರ್ಯ ಮಾಡಿ ಕೋಚ್ ರೂಮಿಗೆ ಹೋದೆ. ಅವರು ಬೇರೆ ರಾಜ್ಯದವರು, ವಯಸ್ಸಾದವರು. ಬೈಯಲಿಲ್ಲ. ಲ್ಯಾಪ್‌ಟಾಪ್‌ನಲ್ಲಿ ನಾನು ಗೋಲು ಹೊಡೆದ ಪಂದ್ಯವನ್ನೇ ಹಾಕಿದರು. ಗೋಲು ತೋರಿಸಲಿಲ್ಲ. ಚೆಂಡು ಕಳೆದುಕೊಂಡ ಮೇಲೆ ನಾನು ಏನು ಮಾಡುತ್ತಿದ್ದೆ ಅನ್ನುವುದನ್ನು ಹನ್ನೊಂದು ಸಲ ತೋರಿಸಿದರು. ಹನ್ನೊಂದರಲ್ಲಿ ಒಂಬತ್ತು ಸಲ ನಾನು ಸೊಂಟದ ಮೇಲೆ ಕೈಯಿಟ್ಟು ನಿಂತಿದ್ದೇನೆ. ನನ್ನ ಹಿಂದೆ ಬಲಗಡೆ ಕಾಯುವ ರೈಟ್ ಬ್ಯಾಕ್ ಒಬ್ಬನೇ ಇಬ್ಬರನ್ನು ಎದುರಿಸುತ್ತಿದ್ದಾನೆ. “ನೀನು ಹೋಗೋದು ಚೆನ್ನಾಗಿದೆ, ಬರೋದು ಯಾವಾಗ?” ಅಂತ ಹಿಂದಿಯಲ್ಲಿ ಕೇಳಿದರು. ಅಲ್ಲಿಗೆ ಮಾತು ಮುಗಿಯಿತು.

ಮುಂದಿನ ಹನ್ನೆರಡು ವರ್ಷ ನನಗೆ ಅನ್ನ ಹಾಕಿದ್ದು ಆ ಪ್ರಶ್ನೆ.

ವಾಪಸ್ ಓಡುವುದು ಅಂದರೆ ಚೆಂಡಿನ ಹಿಂದೆ ಓಡುವುದಲ್ಲ. ಮೊದಮೊದಲು ನಾನೂ ಹಾಗೇ ಓಡಿ ಸುಸ್ತಾದೆ. ಚೆಂಡು ಹೋದ ತಕ್ಷಣ ಎರಡು ಮೂರು ಸೆಕೆಂಡು ಹತ್ತಿರವಿದ್ದವನ ಮೇಲೆ ಬೀಳಬೇಕು. ಸಿಗಲಿಲ್ಲವೋ, ಅವನನ್ನು ಬಿಟ್ಟುಬಿಡಬೇಕು. ಆಮೇಲೆ ಗೆರೆ ಬಿಟ್ಟು ಒಳಗಡೆಯಿಂದ, ನಮ್ಮ ಗೋಲಿನ ಹತ್ತಿರದ ಕಂಬದ ಕಡೆ ನೇರವಾಗಿ ಓಡಬೇಕು. ರೈಟ್ ಬ್ಯಾಕ್‌ಗೂ ನಡುವಿನ ಬ್ಯಾಕ್‌ಗೂ ಮಧ್ಯೆ ಒಂದು ಸಂದಿ ಬಿಡುತ್ತದಲ್ಲ, ಎದುರಾಳಿ ಹುಡುಕುವುದು ಅದನ್ನೇ. ಅಲ್ಲಿ ಹೋಗಿ ನಿಂತರೆ ಸಾಕು, ಎಷ್ಟೋ ಸಲ ಚೆಂಡು ಆ ಕಡೆ ಬರುವುದೇ ಇಲ್ಲ. ನೋಡುವವರಿಗೆ ನೀನು ಏನೂ ಮಾಡಿದ ಹಾಗೆ ಕಾಣುವುದಿಲ್ಲ. ಐವತ್ತು ಮೀಟರ್ ಓಡಿ ಬಂದು ಸುಮ್ನೆ ನಿಂತೆ, ಅಷ್ಟೇ. ವಿಡಿಯೋದಲ್ಲಿ ಹಾಕಿಕೊಳ್ಳಲು ಏನೂ ಸಿಗುವುದಿಲ್ಲ.

ಆದರೆ ರೈಟ್ ಬ್ಯಾಕ್‌ಗೆ ಗೊತ್ತಾಗುತ್ತದೆ. ಇದರ ಬೆಲೆ ನನಗೆ ಆಮೇಲೆ ತಿಳಿಯಿತು. ನನ್ನ ಒಂಬತ್ತು ಕ್ಲಬ್‌ಗಳಲ್ಲಿ ನಾಲ್ಕು ಸಿಕ್ಕಿದ್ದು ಹಿಂದೆ ನನ್ನ ಜೊತೆ ಆಡಿದ್ದ ಬ್ಯಾಕ್‌ಗಳ ಮಾತಿನಿಂದ. ಹೊಸ ಕ್ಲಬ್‌ಗೆ ಹೋದವನು ಕೋಚ್‌ಗೆ ಹೇಳುತ್ತಾನೆ, ಅವನಿದ್ದರೆ ನನಗೆ ಭಯವಿಲ್ಲ ಅಂತ. ಏಜೆಂಟ್ ಹಾಡು ಸೇರಿಸಿ ಮಾಡಿಸಿದ ಐದು ನಿಮಿಷದ ವಿಡಿಯೋ ಒಂದೇ ಒಂದು ಕಡೆ ಕೆಲಸಕ್ಕೆ ಬಂತು. ಅಲ್ಲೂ ಜನವರಿಗೆ ಬಿಟ್ಟುಬಿಟ್ಟರು.

ಇನ್ನೊಂದು ಕಾರಣವೂ ಇದೆ. 2014ರಲ್ಲಿ ಇಂಡಿಯನ್ ಸೂಪರ್ ಲೀಗ್ (ಐಎಸ್‌ಎಲ್) ಶುರುವಾದಾಗ ಮೈದಾನದಲ್ಲಿ ಒಂದು ತಂಡಕ್ಕೆ ಆರು ಜನ ವಿದೇಶಿಗಳು ಇರಬಹುದಿತ್ತು. 2017ರಲ್ಲಿ ಅದು ಐದಾಯಿತು, 2021ರಲ್ಲಿ ನಾಲ್ಕು. ಆ ಜಾಗಗಳನ್ನು ಯಾವ ಕ್ಲಬ್ಬೂ ಬ್ಯಾಕ್‌ಗಳಿಗೆ ಪೂರ್ತಿ ಖರ್ಚು ಮಾಡುವುದಿಲ್ಲ. ದುಡ್ಡು ಹೋಗುವುದು ಗೋಲು ಹೊಡೆಯುವವರಿಗೆ. ಒಂದು ಕಡೆಯ ವಿಂಗ್‌ನಲ್ಲಿ ಸ್ಪೇನಿನವನೋ ಬ್ರೆಜಿಲ್‌ನವನೋ ಇದ್ದರೆ, ಅವನು ವಾಪಸ್ ಓಡುವುದಿಲ್ಲ. ಓಡು ಅಂತ ಹೇಳುವವರೂ ಇಲ್ಲ. ಹಾಗಾಗಿ ಇನ್ನೊಂದು ಕಡೆ ಓಡುವವನು ಬೇಕೇ ಬೇಕು. ಆ ಇನ್ನೊಂದು ಕಡೆಯವನು ನಾನು. ಇದರಲ್ಲಿ ಬೇಜಾರಿಲ್ಲ ನನಗೆ. ಬಸ್ಸಿನಲ್ಲಿ ಸೀಟು ಸಿಕ್ಕಿದರೆ ಸಾಕು, ಕಿಟಕಿ ಪಕ್ಕವೇ ಆಗಬೇಕೆಂದಿಲ್ಲ.

ಊರೂರು ಸುತ್ತುವವನು ಮೊದಲು ಕಲಿಯಬೇಕಾದದ್ದು ನೆಲ. ನಮ್ಮ ಅಶೋಕನಗರದ್ದು ಕೃತಕ ಹುಲ್ಲು. ಬಿದ್ದರೆ ಮೊಣಕಾಲಿನ ಚರ್ಮ ಸುಲಿದು, ರಾತ್ರಿ ಹೊದಿಕೆ ಅಂಟಿಕೊಳ್ಳುತ್ತದೆ. ಶಿಲ್ಲಾಂಗ್‌ನದೂ ಕೃತಕ ಹುಲ್ಲೇ, ಆದರೆ ಊರಿರುವುದು ಸುಮಾರು 1,500 ಮೀಟರ್ ಎತ್ತರದಲ್ಲಿ. ಬೆಂಗಳೂರು 900ರ ಮೇಲಿದೆ, ನಮಗೇನು ಅಂದುಕೊಂಡು ಹೋದೆ. ಮೊದಲ ವಾರ ಎರಡು ಸಲ ಜೋರಾಗಿ ಓಡಿದರೆ ಮೂರನೆಯದಕ್ಕೆ ಎದೆ ಒಪ್ಪುತ್ತಿರಲಿಲ್ಲ. ಕೋಲ್ಕತ್ತಾ ಲೀಗ್ ನಡೆಯುವುದು ಮಳೆಗಾಲದಲ್ಲಿ. ಚೆಂಡು ತಳ್ಳಿ ಓಡುತ್ತೇನೆ ಅಂದರೆ ಚೆಂಡು ಕೆಸರಲ್ಲೇ ನಿಂತಿರುತ್ತದೆ, ನೀನು ಮಾತ್ರ ಮುಂದೆ ಹೋಗಿರುತ್ತೀಯ. ಅಲ್ಲಿ ಬೂಟಿನ ಅಡಿಗೆ ಉದ್ದ ಸ್ಟಡ್ (ಗುಬುಟು) ಬೇಕು, ಚೆಂಡನ್ನು ಸ್ವಲ್ಪ ಎತ್ತಿಯೇ ದಾಟಿಸಬೇಕು. ಅದೇ ಉದ್ದ ಸ್ಟಡ್ ಹಾಕಿಕೊಂಡು ಕೃತಕ ಹುಲ್ಲಿನ ಮೇಲೆ ತಿರುಗಿದರೆ ಪಾದ ಅಲ್ಲೇ ಉಳಿದು ಮೊಣಕಾಲು ಹೋಗುತ್ತದೆ. ಯಾವಾಗಲೂ ಮೂರು ಜೊತೆ ಬೂಟು ನನ್ನ ಚೀಲದಲ್ಲಿರುತ್ತಿತ್ತು, ಜೊತೆಗೆ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ. ಎರಡು ದಿನಕ್ಕೂ ಮೀರಿದ ಗುವಾಹಟಿ ರೈಲಿನಲ್ಲಿ ಆ ಚಟ್ನಿಪುಡಿಗೆ ಬೂಟಿಗಿಂತ ಜಾಸ್ತಿ ಮರ್ಯಾದೆ.

ದುಡ್ಡಿನ ವಿಷಯ ಯಾರೂ ಬಿಚ್ಚಿ ಹೇಳುವುದಿಲ್ಲ, ನಾನು ಹೇಳುತ್ತೇನೆ. ನಮ್ಮಂಥವರ ಕಾಂಟ್ರಾಕ್ಟ್ ಸಾಮಾನ್ಯವಾಗಿ ಎಂಟು ಅಥವಾ ಒಂಬತ್ತು ತಿಂಗಳು. ಮನೆ ಬಾಡಿಗೆ ಹನ್ನೆರಡು ತಿಂಗಳು. ತಿಂಗಳಿಗೆ ಇಷ್ಟು ಅಂತ ಕ್ಲಬ್‌ನವರು ಹೇಳಿದ ತಕ್ಷಣ ನಾನು ಮನಸ್ಸಲ್ಲೇ ಎಂಟರಿಂದ ಗುಣಿಸಿ ಹನ್ನೆರಡರಿಂದ ಭಾಗಿಸುತ್ತಿದ್ದೆ. ಬಂದ ಅಂಕಿಯೇ ನಿಜವಾದ ಸಂಬಳ. ಒಂದು ಕ್ಲಬ್ ಕೊನೆಯ ಮೂರು ತಿಂಗಳು ಕೊಡಲೇ ಇಲ್ಲ. ಫೋನ್ ಮಾಡಿದರೆ “ಸ್ಪಾನ್ಸರ್ ದುಡ್ಡು ಬರಲಿ” ಅನ್ನುತ್ತಿದ್ದರು. ಬೇರೆ ಕಡೆ ಹೋಗಲು ಎನ್‌ಒಸಿ ಬೇಕು, ಅದನ್ನೂ ಹಿಡಿದಿಟ್ಟುಕೊಂಡರು. ಬಾಕಿ ಬಿಟ್ಟುಬಿಡುತ್ತೇನೆ ಅಂತ ಬರೆದುಕೊಟ್ಟು ಕಾಗದ ತೆಗೆದುಕೊಂಡೆ. ತಪ್ಪು ಮಾಡಿದೆ. ದೇಶದ ಫುಟ್‌ಬಾಲ್ ಫೆಡರೇಷನ್ ಎಐಎಫ್‌ಎಫ್‌ನಲ್ಲಿ ಇಂಥ ದೂರಿಗಾಗಿಯೇ ಪ್ಲೇಯರ್ಸ್ ಸ್ಟೇಟಸ್ ಕಮಿಟಿ ಇದೆ. 2006ರಿಂದ ಆಟಗಾರರದ್ದೇ ಸಂಘವೂ ಇದೆ, ಮೊದಲ ಅಧ್ಯಕ್ಷರು ಬೈಚುಂಗ್ ಭುಟಿಯಾ. ಇದ್ಯಾವುದೂ ನನ್ನ ತಲೆಗೆ ಹೊಳೆಯಲಿಲ್ಲ. ಎರಡು ತಿಂಗಳ ಸಂಬಳ ಬಾಕಿ ಇದ್ದರೆ 15 ದಿನದ ನೋಟಿಸ್ ಕೊಟ್ಟು ಕಾಂಟ್ರಾಕ್ಟ್ ಮುರಿಯಬಹುದು ಅಂತ ಫಿಫಾ 2018ರಲ್ಲಿ ನಿಯಮ ಸೇರಿಸಿತು. ಅದನ್ನು ಪ್ರಿಂಟ್ ತೆಗೆಸಿ ಚೀಲದಲ್ಲಿಟ್ಟುಕೊಂಡೆ. ಇನ್ನೊಂದು ನಿಯಮವೂ ನಮ್ಮಂಥವರಿಗೆ ದೇವರಿದ್ದ ಹಾಗೆ. ಕ್ಲಬ್‌ಗಳು ಆಟಗಾರರನ್ನು ನೋಂದಾಯಿಸುವ ಅವಧಿ, ಅಂದರೆ ವಿಂಡೋ, ಮುಚ್ಚುವ ಮೊದಲೇ ನಿನ್ನ ಕಾಂಟ್ರಾಕ್ಟ್ ಮುಗಿದಿದ್ದರೆ, ವಿಂಡೋ ಮುಚ್ಚಿದ ಮೇಲೂ ಕ್ಲಬ್ ನಿನ್ನನ್ನು ಸೇರಿಸಿಕೊಳ್ಳಬಹುದು. ಯಾರದೋ ಕಾಲು ಮುರಿದ ಸುದ್ದಿ ಬಂದರೆ ನನ್ನ ಫೋನ್ ರಿಂಗ್ ಆಗುತ್ತಿತ್ತು. ಪಾಪ ಅನ್ನಿಸುತ್ತಿತ್ತು, ಆದರೂ ಫೋನ್ ಎತ್ತುತ್ತಿದ್ದೆ.

ಉಳಿದ ನಾಲ್ಕು ತಿಂಗಳಲ್ಲಿ ಹೊಟ್ಟೆ ತುಂಬಿಸಿದ್ದು ಕೇರಳದ ಸೆವೆನ್ಸ್. ಮಲಪ್ಪುರಂ ಕಡೆ ಏಳೇಳು ಜನ ಆಡುವ ಆಟ, ರಾತ್ರಿ ದೀಪದ ಬೆಳಕು, ಗೆರೆಯ ಅಂಚಿನವರೆಗೂ ಜನ. ಫೆಡರೇಷನ್ ಮಾನ್ಯತೆ ಇಲ್ಲ, ಕ್ಲಬ್‌ಗಳು ಬೇಡ ಅನ್ನುತ್ತವೆ. ಆದರೆ ಆಟ ಮುಗಿದ ಅರ್ಧ ಗಂಟೆಗೆ ಕೈಗೆ ನೋಟು. ಚಿಕ್ಕ ಮೈದಾನದಲ್ಲಿ ಓಡಲು ಜಾಗವಿಲ್ಲ, ಹಾಗಾಗಿ ಮೊದಲ ಮುಟ್ಟು ಸರಿ ಇರಲೇಬೇಕು. ಮೂವತ್ತರ ಹತ್ತಿರ ನನ್ನ ಆಟ ಸುಧಾರಿಸಿದ್ದರೆ ಅದಕ್ಕೆ ಸೆವೆನ್ಸ್ ಕಾರಣ. ನನ್ನ ತೊಡೆಯ ಹಿಂದಿನ ಹ್ಯಾಮ್‌ಸ್ಟ್ರಿಂಗ್ ಹರಿದದ್ದೂ ಅಲ್ಲೇ. ಹದಿನೈದು ದಿನದಲ್ಲಿ ಹೊಸ ಕ್ಲಬ್‌ನ ಕ್ಯಾಂಪ್ ಇತ್ತು. ಮೆಟ್ಟಿಲಲ್ಲಿ ಜಾರಿದೆ ಅಂತ ಸುಳ್ಳು ಹೇಳಿದೆ. ಫಿಸಿಯೋ ನಗಲೂ ಇಲ್ಲ. ಪೂರ್ತಿ ವಾಸಿಯಾಗುವ ಮೊದಲೇ ಓಡಿ ಮತ್ತೆ ಹರಿದುಕೊಂಡೆ. ಮೂರು ವಾರದ್ದು ನಾಲ್ಕು ತಿಂಗಳಾಯಿತು. ಆ ಮೇಲೆ ನನ್ನ ಮೊದಲ ಹತ್ತು ಹೆಜ್ಜೆಯ ವೇಗ ಹಿಂದಿನಂತೆ ಬರಲೇ ಇಲ್ಲ.

ವೇಗ ಹೋದ ವಿಂಗರ್ ಏನು ಮಾಡಬೇಕು? ನಾನು ಎದುರಾಳಿ ಬ್ಯಾಕ್‌ನ ಪಾದ ನೋಡುವುದನ್ನು ಕಲಿತೆ. ಯಾವ ಕಾಲು ಮುಂದಿದೆಯೋ ಆ ಕಾಲಿನ ಹೊರಬದಿಗೆ ಚೆಂಡು ತಳ್ಳಿದರೆ ಅವನು ಮೊದಲು ತಿರುಗಬೇಕು. ಆ ತಿರುಗುವ ಅರ್ಧ ಸೆಕೆಂಡೇ ನನಗೆ ಹಳೆಯ ವೇಗದ ಬದಲು ಸಿಕ್ಕ ಚಿಲ್ಲರೆ. ಎತ್ತರದ ಕ್ರಾಸ್ ಬಿಟ್ಟೆ. ಗೋಲ್ ಗೆರೆಯ ಹತ್ತಿರ ಹೋಗಿ, ಹಿಂದೆ ಬರುತ್ತಿರುವವನಿಗೆ ನೆಲದ ಮೇಲೇ ವಾಪಸ್ ಕೊಡಲು ಶುರುಮಾಡಿದೆ. ಗೋಲಿನ ಕಡೆ ಓಡುತ್ತಿರುವ ಬ್ಯಾಕ್‌ಗಳಿಗೆ ಹಿಂದಕ್ಕೆ ಬರುವ ಚೆಂಡು ಬಹಳ ಕಷ್ಟ.

2021ರಲ್ಲಿ ಐ-ಲೀಗ್ ಪೂರ್ತಿ ಬಂಗಾಳದಲ್ಲೇ, ಕೋವಿಡ್‌ಗೆಂದು ಹೊರಗಿನವರಿಂದ ದೂರ ಇಡುವ ಬಬಲ್ ಒಳಗೆ ನಡೆಯಿತು. ಹೋಟೆಲ್ ರೂಮು, ಬಸ್ಸು, ಖಾಲಿ ಸ್ಟೇಡಿಯಂ, ಮೂಗಿಗೆ ಕಡ್ಡಿ. ಮಗಳು ಮೊದಲ ಹೆಜ್ಜೆ ಇಟ್ಟದ್ದನ್ನು ವಿಡಿಯೋ ಕಾಲ್‌ನಲ್ಲಿ ನೋಡಿದೆ. “ಸಾಕು ರೀ” ಅಂದಳು ಹೆಂಡತಿ. ಇನ್ನೊಂದು ಸೀಸನ್ ಅಂದೆ. ಆ ಇನ್ನೊಂದು ಸೀಸನ್‌ನ ಕೊನೆಗೆ ಯಾರೂ ಫೋನ್ ಮಾಡಲಿಲ್ಲ. ಒಂದು ಬೆಳಿಗ್ಗೆ ಎದ್ದು ನೋಡಿದರೆ ಟೀಮಿನ ವಾಟ್ಸ್‌ಆ್ಯಪ್ ಗ್ರೂಪಿನಿಂದ ನನ್ನನ್ನು ತೆಗೆದಿದ್ದರು.

2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ಮೇಘಾಲಯವನ್ನು 3-2ರಿಂದ ಸೋಲಿಸಿ ಕರ್ನಾಟಕ 54 ವರ್ಷಗಳ ಮೇಲೆ ರಾಜ್ಯ ತಂಡಗಳ ಸಂತೋಷ್ ಟ್ರೋಫಿ ಗೆದ್ದಾಗ ಅಪ್ಪ ಟಿವಿ ಮುಂದೆ ಅತ್ತರು. ನಾನಿಲ್ಲ ಆ ತಂಡದಲ್ಲಿ. ಆದರೂ ಬೀದಿಗೆಲ್ಲ ಮೈಸೂರುಪಾಕ್ ಹಂಚಿದರು.

ಈಗ ಬೆಳಿಗ್ಗೆ ಹೊರಮಾವಿನ ಒಂದು ಟರ್ಫ್‌ನಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ. ಜೊತೆಗೆ ಬೆಂಗಳೂರಿನ ಲೀಗ್‌ನಲ್ಲಿ ಒಂದು ಸಣ್ಣ ಕ್ಲಬ್‌ಗೆ ರೈಟ್ ಬ್ಯಾಕ್ ಆಡುತ್ತೇನೆ. ನನ್ನ ಮುಂದೆ ಹತ್ತೊಂಬತ್ತರ ಒಬ್ಬ ವಿಂಗರ್ ಇದ್ದಾನೆ. ಏನು ಕಾಲು ಅಂತೀರಿ! ಕಳೆದ ಪಂದ್ಯದಲ್ಲಿ ಮೂವರನ್ನು ದಾಟಿಸಿ ಹೋದ, ನಾಲ್ಕನೆಯವನಿಗೆ ಚೆಂಡು ಕೊಟ್ಟುಬಿಟ್ಟ, ಸೊಂಟದ ಮೇಲೆ ಕೈಯಿಟ್ಟು ನಿಂತ. ಎದುರಾಳಿಗಳಿಬ್ಬರು ನನ್ನ ಮೇಲೆ ಬರುತ್ತಿದ್ದಾರೆ. “ಬಾರೋ ಲೇ!” ಅಂತ ಕಿರುಚಿದೆ. “ಸುಸ್ತಣ್ಣಾ” ಅಂದ. ಗೋಲು ಬಿತ್ತು.

ಆಟ ಮುಗಿದ ಮೇಲೆ ಕೋಚ್ ನನ್ನನ್ನು ಕೇಳಿದರು, ಅವನನ್ನು ಕೂರಿಸೋಣವಾ ಅಂತ. ಬೇಡ ಸರ್, ಆಡಲಿ ಅಂದೆ. ಮುಂದಿನ ಪಂದ್ಯಕ್ಕೆ ಅವನನ್ನು ಎಡಗಡೆಗೆ ಹಾಕಿ. ಆ ಕಡೆ ಬ್ಯಾಕ್ ಆಡುವ ಹುಡುಗನಿಗೆ ಇನ್ನೂ ಇಪ್ಪತ್ತೆರಡು, ಇಬ್ಬರ ಓಟ ಅವನೇ ಓಡಲಿ.